ದಿನಕ್ಕೊಂದು ಆರು

ಬೆಳಿಗ್ಗೆ ಹತ್ತು ಗಂಟೆಗೆ ಜೋರಾಪುರ ಪೇಟೆಯ ಆ ಮನೆಯಲ್ಲಿ ಎರಡು ಕೆಲಸಗಳು ಕೂಡಿಯೇ ಬರುತ್ತಿದ್ದವು: ಗುರುಬಸವ್ವನ ಮೂಗಿನ ನಳಿಗೆಯಲ್ಲಿ ಗಂಜಿ ಬಿಡುವುದು ಮತ್ತು ಆಸ್ಪತ್ರೆಯ ಫೋನು.

ಗಂಜಿ ಬಿಡುವುದಕ್ಕೆ ಎರಡು ಕೈಯೂ ಬೇಕು. ಎಡಗೈಯಲ್ಲಿ ಸಿರಿಂಜಿನ ಕೊಳವೆಯನ್ನು ಎತ್ತಿ ಹಿಡಿಯಬೇಕು. ಬಲಗೈಯಿಂದ ಸೋಸಿದ ಗಂಜಿಯನ್ನು ಸಣ್ಣಗೆ ಸುರಿಯಬೇಕು. ಅವಸರ ಮಾಡಿದರೆ ಕೆಮ್ಮು, ತಡ ಮಾಡಿದರೆ ನಳಿಗೆ ಕಟ್ಟುತ್ತದೆ. ಆದ್ದರಿಂದ ಸೊಸೆ ವಿಜಯಲಕ್ಷ್ಮೀ ಫೋನನ್ನು ಮಂಚದ ಪಕ್ಕದ ಕಿಟಕಿಯಲ್ಲಿಟ್ಟು ಸ್ಪೀಕರ್ ಹಾಕಿಬಿಡುತ್ತಿದ್ದಳು. ಹೀಗಾಗಿ ಅವಳೊಬ್ಬಳಿಗೆ ಬಂದ ಪ್ರಶ್ನೆಯನ್ನು ಮನೆಯೆಲ್ಲ ಕೇಳುತ್ತಿತ್ತು. ಮಂಚದ ಮೇಲೆ ಅತ್ತೆ ಗುರುಬಸವ್ವ ಕೇಳುತ್ತಿದ್ದಳು. ಕಾಲೇಜಿಗೆ ಹೊರಟು ಜಡೆ ಹೆಣೆದುಕೊಳ್ಳುತ್ತಿದ್ದ ಮಗಳು ಕಾವ್ಯಾ ಕೇಳುತ್ತಿದ್ದಳು. ಪಡಸಾಲೆಯ ಕುರ್ಚಿಯಲ್ಲಿ ಕುಳಿತ ಮಾವ ಶಿವಯೋಗೆಪ್ಪನೂ ಕೇಳುತ್ತಿದ್ದ.

"ನಮಸ್ಕಾರ್ರಿ. ಇವತ್ತು ನಿಮ್ಮ ಮನಸ್ಸು ಎಷ್ಟು ಭಾರ ಅದ? ಸೊನ್ನೆ ಅಂದ್ರ ಹಗುರ. ಹತ್ತು ಅಂದ್ರ ಹೊರಲಾರದಷ್ಟು ಭಾರ. ಒಂದು ಅಂಕಿ ಹೇಳ್ರಿ."

ಯಂತ್ರದಲ್ಲಿ ಯಾರೋ ಹುಡುಗಿಯ ದನಿ ತುಂಬಿಟ್ಟಿದ್ದರು. ಕ್ಯಾನ್ಸರ್ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುವವರ ಮನಸ್ಸು ದಿನದಿಂದ ದಿನಕ್ಕೆ ಹೇಗಿರುತ್ತದೆ ಎಂಬುದರ ಲೆಕ್ಕ ಇಡುವುದಕ್ಕಾಗಿ ಆಸ್ಪತ್ರೆಯವರು ಮಾಡಿದ ಏರ್ಪಾಡು ಅದು. ಗುರುಬಸವ್ವನನ್ನು ಮನೆಗೆ ಕಳಿಸುವ ದಿನ ಮಿನಾಜ ಎಂಬ ಹುಡುಗಿ ಬಂದು ವಿಜಯಲಕ್ಷ್ಮೀಯ ಹೆಸರು ಬರೆದುಕೊಂಡಿದ್ದಳು.

ಮೊದಲ ದಿನ ವಿಜಯಲಕ್ಷ್ಮೀಗೆ ಏನು ಹೇಳಬೇಕೆಂದೇ ತಿಳಿಯಲಿಲ್ಲ. ಯಂತ್ರ ಮತ್ತೆ ಕೇಳಿತು. ಮೂರನೆಯ ಸಲ ಕೇಳಿದಾಗ ಪಡಸಾಲೆಯತ್ತ ಒಮ್ಮೆ ನೋಡಿ, ಓಣಿಯಲ್ಲಿ ಯಾರು ಕೇಳಿದರೂ ಹೇಳುವ ಮಾತನ್ನೇ ಹೇಳಿದಳು.

"ಆರಾಮ ಅದೀನ್ರಿ."

"ಧನ್ಯವಾದ್ರಿ," ಎಂದು ಫೋನು ನಿಂತಿತು.

ಯಂತ್ರ ಒಪ್ಪುವ ಉತ್ತರ ಯಾವುದೆಂದು ಅಂದಿಗೇ ಗೊತ್ತಾಯಿತು. ಮರುದಿನದಿಂದ ಪ್ರಶ್ನೆ ಮುಗಿಯುವ ಮೊದಲೇ ಅವಳು "ಆರಾಮ ಅದೀನ್ರಿ" ಎನ್ನುತ್ತಿದ್ದಳು.

ಶಿವಯೋಗೆಪ್ಪ ಮೂವತ್ತಾರು ವರ್ಷ ಮಾರುಕಟ್ಟೆಯ ದಲಾಲರ ಅಡತಿ ಅಂಗಡಿಯೊಂದರಲ್ಲಿ ತೂಕದ ಕಾಟಾದ ಮುಂದೆ ನಿಂತವನು. ಜೋಳ, ಕಡಲೆ, ಒಣದ್ರಾಕ್ಷಿ ಎಲ್ಲವನ್ನೂ ತೂಗಿದ್ದ. ತೂಗಿದ ಚೀಲಕ್ಕೊಂದು ಗೀಟು ಎಳೆಯುವ ಅಭ್ಯಾಸವನ್ನು ಮನೆಗೂ ತಂದಿದ್ದ. ಬೆಳಿಗ್ಗೆ ಆರರಿಂದ ಸಂಜೆ ಎಂಟರವರೆಗೆ ಎರಡು ತಾಸಿಗೊಮ್ಮೆ, ದಿನಕ್ಕೆ ಎಂಟು ಸಲ ಗಂಜಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಚೌಕದೊಳಗೆ ಪೆನ್ಸಿಲಿನಿಂದ ಗೀಟು ಹಾಕುವುದು ಅವನ ಪಾಲಿನ ಕೆಲಸ. ಎಂಟಕ್ಕೆ ಎಂಟು ಬಿದ್ದ ದಿನ ಅವನಿಗೆ ಒಳ್ಳೆಯ ದಿನ. ಸಿರಿಂಜನ್ನು ಮಾತ್ರ ಅವನು ಒಮ್ಮೆಯೂ ಮುಟ್ಟಿರಲಿಲ್ಲ.

ಗುರುಬಸವ್ವನ ಬಾಯಿಗೆ ಶಸ್ತ್ರಕ್ರಿಯೆಯಾಗಿ ನಾಲಗೆಯ ಬಹುಭಾಗ ಹೋಗಿತ್ತು. ಮಾತಿಲ್ಲ. ಬರೆದು ತೋರಿಸೋಣವೆಂದರೆ ಅಕ್ಷರ ಕಲಿತವಳಲ್ಲ. ಆದರೆ ಎಣಿಕೆಯಲ್ಲಿ ಗಟ್ಟಿ. ಒಂದು ಕಾಲಕ್ಕೆ ಲಗ್ನದ ಮನೆಗಳಿಗೆ ಸಾವಿರ ರೊಟ್ಟಿ ಬಡಿದುಕೊಟ್ಟವಳು. ಈಗ ಮಂಚದ ಪಕ್ಕದಲ್ಲಿ ಒಂದು ಸ್ಟೀಲಿನ ಲೋಟ, ಒಂದು ಚಮಚ. ಒಂದು ಸಲ ಬಡಿದರೆ ನೀರು. ಎರಡು ಸಲ ಬಡಿದರೆ ಬಚ್ಚಲು. ಮೂರು ಬಡಿದರೆ ಯಾರಾದರೂ ಬರಬೇಕು. ಅದು ಕಾವ್ಯಾ ಕಟ್ಟಿಕೊಟ್ಟ ಭಾಷೆ.

ಅತ್ತೆಯ ಕಣ್ಣ ಮುಂದೆ ತಿನ್ನಬಾರದೆಂದು ಮನೆಯವರು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಉಣ್ಣುತ್ತಿದ್ದರು. ಖಾರದ ಒಗ್ಗರಣೆಯ ಹೊಗೆಗೆ ಅವಳಿಗೆ ಕೆಮ್ಮು ಬರುತ್ತದೆಂದು ಒಗ್ಗರಣೆಯೇ ನಿಂತಿತ್ತು. ಮಗ ಸಿದ್ದರಾಮ ಟಿಕೋಟಾದ ದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕ. ಒಣದ್ರಾಕ್ಷಿಯ ಹಂಗಾಮು ಶುರುವಾಗಿತ್ತು. ನಿಂತೇ ಎರಡು ರೊಟ್ಟಿ ತಿಂದು ಮೋಟಾರ್ ಸೈಕಲ್ ಹತ್ತುತ್ತಿದ್ದ.

"ಇದೇನ, ಬರೇ ಬೇಳಿ ನೀರು?" ಎಂದ ಒಂದು ದಿನ.

"ಅತ್ತಿಯವ್ರಿಗೆ ಸೋಸಿದ್ದರಾಗ ಉಳಿದಿದ್ದ ಅದ. ಅದಕ್ಕ ಉಪ್ಪು ಹಾಕೀನಿ."

"ಹಾಕಿಲ್ಲ."

ವಿಜಯಲಕ್ಷ್ಮೀ ಒಂದು ಚಮಚ ಬಾಯಿಗೆ ಹಾಕಿಕೊಂಡಳು. "ಹಾಕೀನಿ ಅಂತ ಅನಸ್ತು," ಎಂದಳು. ಉಪ್ಪಿನ ಡಬ್ಬಿ ತೆಗೆಯಲಿಲ್ಲ. ಜೊತೆಗೆ ಉಣ್ಣುತ್ತಿದ್ದ ಶಿವಯೋಗೆಪ್ಪ ತಾನೇ ಡಬ್ಬಿಯತ್ತ ಕೈ ಚಾಚಬಹುದಾಗಿತ್ತು. ಚಾಚಲಿಲ್ಲ. ಮೂವರೂ ಉಪ್ಪಿಲ್ಲದ ಬೇಳೆಯನ್ನೇ ಉಂಡು ಮುಗಿಸಿದರು.

ಫೆಬ್ರವರಿ ಹನ್ನೊಂದರಂದು ಹೊಸದೊಂದು ಶುರುವಾಯಿತು. ವಿಜಯಲಕ್ಷ್ಮೀ "ಆರಾಮ ಅದೀನ್ರಿ" ಎಂದಳು, ಫೋನು ನಿಂತಿತು, ಗುರುಬಸವ್ವ ಚಮಚ ಎತ್ತಿ ಲೋಟಕ್ಕೆ ಬಡಿದಳು. ಶಿವಯೋಗೆಪ್ಪ ಅಭ್ಯಾಸಬಲದಿಂದ ಮನಸ್ಸಿನಲ್ಲೇ ಎಣಿಸಿದ. ಕಾಟಾದ ಮುಂದೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು, ಐದು.

"ಐದು ಅಂದ್ರೇನ್ರೀ ಅತ್ತಿ?" ವಿಜಯಲಕ್ಷ್ಮೀ ಬಗ್ಗಿ ಕೇಳಿದಳು. "ನೀರೇನು? ಹೊಳ್ಳಿ ಮಲಗಸ್ಲೇನು?"

ಗುರುಬಸವ್ವ ತಲೆ ಅಲ್ಲಾಡಿಸಿದಳು. ಬೆರಳೆತ್ತಿ ಸೊಸೆಯನ್ನೇ ತೋರಿಸಿದಳು.

"ನಾ ಏನ ತಪ್ಪ ಮಾಡೀನ್ರಿ?"

ಮತ್ತೆ ತಲೆ ಅಲ್ಲಾಡಿತು. ಮತ್ತೆ ಐದು ಪೆಟ್ಟು.

ಮರುದಿನ ಆರು. ಅದರ ಮರುದಿನ ಐದು. ಪ್ರತಿದಿನ ಹತ್ತಕ್ಕೆ, ಫೋನು ಮುಗಿದ ಕೂಡಲೇ. ವಿಜಯಲಕ್ಷ್ಮೀ ಪಾತ್ರೆ ತೊಳೆಯುತ್ತ ಕಾವ್ಯಾಳ ಮುಂದೆ ಹೇಳಿದಳು: "ನಿಮ್ಮಾಯಿ ನನಗ ಬೈಯಾಕತ್ತಾರ. ಬಾಯಿಲ್ಲ, ಅದಕ್ಕ ಲೋಟಾ ಬಡೀತಾರ."

"ಮಮ್ಮಿ, ಆಯಿ ಯಾಕ ಬೈತಾಳ? ನೀ ಏನರ ಅನ್ಕೋಬ್ಯಾಡ."

"ದಿನಾ ನನ್ನ ಕಡೇನ ಬೆರಳ ತೋರಸ್ತಾರಲ್ಲ?"

ಸಿದ್ದರಾಮನಿಗೆ ಬೇರೆ ಅನುಮಾನ. "ಅಪ್ಪಾ, ಅವ್ವಂದು ಬ್ಯಾನಿ ತಲಿಗೇನರ ಏರೇತೇನು? ಡಾಕ್ಟರಿಗೆ ಹೇಳಬೇಕು."

"ಲೆಕ್ಕ ಇಲ್ಲದ ಏನ ಹೇಳ್ತಿ?" ಎಂದು ಶಿವಯೋಗೆಪ್ಪ ಅಂದಿನಿಂದ ಕ್ಯಾಲೆಂಡರಿನ ಚೌಕದ ಮೂಲೆಯಲ್ಲಿ ಪೆಟ್ಟುಗಳ ಸಂಖ್ಯೆಯನ್ನೂ ಬರೆದಿಡತೊಡಗಿದ.

ಇಪ್ಪತ್ತನೆಯ ತಾರೀಖು ಬೆಳಿಗ್ಗೆ ಎಂಟರ ಗಂಜಿ ಅವಸರವಾಯಿತು. ಗುರುಬಸವ್ವನಿಗೆ ಉಸಿರು ಸಿಕ್ಕಿ ಕೆಮ್ಮು ಹತ್ತಿತು. ಕಣ್ಣು ಕೆಂಪಾದವು. ಸಿದ್ದರಾಮ ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದವನು ಹಾಗೆಯೇ ಓಡಿ ಬಂದ.

"ಏನ ಮಾಡಾಕತ್ತೀಯಬೇ? ಅವ್ವನ್ನ ಸಾಯಿಸಬೇಕಂತ ಮಾಡಿಯೇನು?"

"ಕೈ ಜಾರಿತ್ರಿ."

"ಇಪ್ಪತ್ತ ದಿನಾತು, ಇನ್ನಾ ಕೈ ಜಾರ್ತದ?"

"ನೀವು ಒಂದ ದಿನ ಹಿಡದ ನೋಡ್ರಿ, ಯಾವಾಗ ಜಾರ್ತದ ಗೊತ್ತಾಗ್ತದ."

"ನಾ ಹಿಡಕೊಂಡ ಕುಂತ್ರ ಟಿಕೋಟಾದಾಗ ನಿಮ್ಮಪ್ಪ ಹೋಗಿ ಬೀಗ ತೆಗೀತಾನೇನು?"

"ಸತ್ತವರ ಹೆಸರು ಯಾಕ ಎತ್ತತೀರಿ?" ಎಂದು ಅವಳು ಸೆರಗಿನಿಂದ ಅತ್ತೆಯ ಗದ್ದ ಒರೆಸಿದಳು. ಶಿವಯೋಗೆಪ್ಪ ಬಾಗಿಲಲ್ಲಿ ನಿಂತಿದ್ದ. "ಸಿದ್ದರಾಮ, ಹೊತ್ತಾತು ಹೋಗು," ಎಂದನಷ್ಟೇ. ಎರಡು ತಾಸಿನ ನಂತರ ಫೋನಿಗೆ ಅವಳು "ಆರಾಮ ಅದೀನ್ರಿ" ಎಂದಳು. ಗುರುಬಸವ್ವ ಲೋಟಕ್ಕೆ ಎಂಟು ಸಲ ಬಡಿದಳು.

ಮಾರ್ಚ್ ಮೂರರಂದು ಹತ್ತು ಪೆಟ್ಟು. ಶಿವಯೋಗೆಪ್ಪ ಬರೆದಿಟ್ಟ. ಹನ್ನೊಂದಕ್ಕೆ ವಿಜಯಲಕ್ಷ್ಮೀ "ಹಾಲು ತರ್ತೀನ್ರಿ ಮಾವಾರ" ಎಂದು ಹೊರಟಳು. ಹಾಲಿನ ಅಂಗಡಿ ಓಣಿಯ ತಿರುವಿನಲ್ಲೇ ಇತ್ತು. ಹನ್ನೆರಡಾಯಿತು. ಗುರುಬಸವ್ವ ಮೂರು ಬಡಿದಳು. ಶಿವಯೋಗೆಪ್ಪ ಬಂದು ನಿಂತ. ನಳಿಗೆಯನ್ನು ನೋಡಿದ, ಸಿರಿಂಜನ್ನು ನೋಡಿದ, ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತ. ಮತ್ತೆ ಒಳಗೆ ಬಂದ. ಮತ್ತೆ ಕಟ್ಟೆ. ಸೊಸೆಗೆ ಫೋನು ಹಚ್ಚಿದರೆ ಅದು ಕಿಟಕಿಯಲ್ಲೇ ಗುಣುಗುಟ್ಟಿತು. ಒಂದು ಗಂಟೆಗೆ ಅವಳು ಬಂದಳು. ಕೈಯಲ್ಲಿ ಹಾಲಿರಲಿಲ್ಲ.

"ಎಲ್ಲಿ ಹೋಗಿದ್ಯವ್ವಾ?"

"ಬಸ್ ಸ್ಟ್ಯಾಂಡಿಗೆ ಹೋಗಿದ್ನ್ರಿ."

"ಯಾಕ?"

"ಬಬಲೇಶ್ವರದ ಬಸ್ಸು ನೋಡಾಕ." ಅವಳ ತವರು ಬಬಲೇಶ್ವರ, ಅಲ್ಲಿ ತಾಯಿ, ತಮ್ಮ ಇದ್ದರು. ಹೋಗಿ ಆರು ತಿಂಗಳಾಗಿತ್ತು. "ಮೂರು ಬಸ್ ಹೋದ್ವು. ಹತ್ತಲಿಲ್ಲ ಬಿಡ್ರಿ. ಅತ್ತಿಗೆ ಹನ್ನೆರಡರದು ತಪ್ಪೇತಿ, ಸರೀರಿ."

ಶಿವಯೋಗೆಪ್ಪ ಸರಿದು ದಾರಿ ಬಿಟ್ಟ. ಅಂದಿನ ಗೀಟುಗಳು ಏಳೇ ಆದವು.

ಎಂಟನೆಯ ತಾರೀಖು ಮಾತ್ರ ಸ್ವಲ್ಪ ಗಾಳಿ ಆಡಿದಂತಾಯಿತು. ಗುರುಬಸವ್ವ ಒಂದು ಚಮಚ ನೀರನ್ನು ಬಾಯಿಂದಲೇ ನುಂಗಿದಳು. ವಿಜಯಲಕ್ಷ್ಮೀ ನಕ್ಕಳು, ಕಾವ್ಯಾ ಚಪ್ಪಾಳೆ ತಟ್ಟಿದಳು. ಅಂದು ಲೋಟ ಬಡಿದದ್ದು ಮೂರೇ ಸಲ. ಯಾರನ್ನೋ ಕರೆಯುತ್ತಾಳೆಂದು ಮೂವರೂ ಬಂದು ಸುತ್ತ ನಿಂತರು. ಗುರುಬಸವ್ವ ತಲೆ ಅಲ್ಲಾಡಿಸಿ ಸೊಸೆಯತ್ತ ಬೆರಳು ತೋರಿಸಿದಳು. ಮರುದಿನದಿಂದ ಮತ್ತೆ ಏಳು, ಎಂಟು.

ಮಾರ್ಚ್ ಹದಿನಾಲ್ಕರ ಮಧ್ಯಾಹ್ನ ಆಸ್ಪತ್ರೆಯ ಮಿನಾಜ ಮನೆಗೆ ಬಂದಳು. ಪಡಸಾಲೆಯಲ್ಲಿ ಕುಳಿತು ಚೀಲದಿಂದ ಒಂದು ಹಾಳೆ ತೆಗೆದಳು. ಚೌಕುಳಿ ಹಾಳೆಯ ಮೇಲೆ, ಪಟ್ಟಿ ಇಟ್ಟು ಎಳೆದಂತೆ, ಅಡ್ಡಡ್ಡ ಒಂದು ಗೆರೆ.

"ಅಕ್ಕಾರ, ನಲವತ್ತೆರಡು ದಿನಕ್ಕ ನಲವತ್ತೆರಡು ಆರು," ಎಂದಳು. "ಒಂದ ದಿನಾನೂ ಐದಿಲ್ಲ, ಏಳಿಲ್ಲ. ಹಿಂಗ ಯಾರದೂ ಬರಂಗಿಲ್ರಿ. ಅದಕ್ಕ ನಾನ ಬಂದೆ."

"ಆರು?" ವಿಜಯಲಕ್ಷ್ಮೀ ಕೈ ಒರೆಸಿಕೊಳ್ಳುತ್ತ ಬಂದಳು. "ನಾ ಯಾವಾಗ ಆರು ಅಂದೇನ್ರಿ? ನಾ ಅಂಕಿ ಹೇಳಿದವಳ ಅಲ್ಲ."

"ಮತ್ತೇನಂತೀರಿ?"

"ಆರಾಮ ಅದೀನಿ ಅಂತೀನಿ."

ಅಂದು ಕಾಲೇಜಿನಿಂದ ಬೇಗ ಬಂದಿದ್ದ ಕಾವ್ಯಾ ಒಮ್ಮೆಲೇ ನಕ್ಕುಬಿಟ್ಟಳು. "ಅಯ್ಯ ಮಮ್ಮಿ! ಅದು ನಿನ್ನ ಮಾತು ಪೂರ್ತಿ ಎಲ್ಲಿ ಕೇಳ್ತದ? ಆರ್ ಅಂದ ಕೂಡ್ಲೇ ಆರು ಅಂತ ಬರಕೊಂಡು ಇಟ್ಟಬಿಡ್ತದ."

ಮಿನಾಜ ಹಣೆ ಹಿಡಿದುಕೊಂಡಳು. "ಹೌದ ನೋಡ್ರಿ! ಯಂತ್ರಕ್ಕ ನಮ್ಮ ಕಡಿ ಮಾತು ಯಾರು ಕಲಿಸ್ಯಾರ?" ಅವಳೂ ನಕ್ಕಳು. ವಿಜಯಲಕ್ಷ್ಮೀಯೂ ನಕ್ಕಳು. ಶಿವಯೋಗೆಪ್ಪ ನಗಲಿಲ್ಲ.

"ಆರಾದ್ರ ಏನಾಗ್ತದವ್ವಾ?" ಎಂದು ಕೇಳಿದ.

"ಏನೂ ಆಗಂಗಿಲ್ರಿ ಅಜ್ಜಾರ. ಅದ ತ್ರಾಸು. ಏಳೋ ಅದರ ಮ್ಯಾಲೋ ಬಂದ್ರ ನಮ್ಮ ಮನಸ್ಸಿನ ಡಾಕ್ಟರಬಾಯಿ ತಾವ ಫೋನ್ ಮಾಡ್ತಾರ. ನೋಡ್ಕೊಳ್ಳಾವರು ನಾಕು ದಿನ ಸುಧಾರಿಸ್ಕೊಳ್ಳಲಿ ಅಂತ ಹಗಲಿಗೆ ಮನೀಗೆ ನರ್ಸ್ ಕಳಸ್ತಾರ. ಆರಕ್ಕ ಯಾರೂ ಬರಂಗಿಲ್ಲ."

"ಇರ್ಲಿ ಬಿಡ್ರಿ, ಆರ ಇರ್ಲಿ," ಎಂದು ವಿಜಯಲಕ್ಷ್ಮೀ ಒಳಗೆ ಹೊರಟಳು. "ಎರಡರ ಗಂಜಿ ಹೊತ್ತಾತು."

"ನಿಂದ್ರು."

ಶಿವಯೋಗೆಪ್ಪ ಆ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ. "ಬಂದ ಚೀಲ ಎಲ್ಲಾ ಒಂದ ತೂಕ ತೋರಿಸಿದ್ರ ಚೀಲ ನೋಡಬಾರದು, ಕಾಟಾ ನೋಡಬೇಕು," ಎಂದ. "ಇದು ತೂಕಲ್ಲ. ಕಾಟಾ ಹಿಡಕೊಂಡದ, ಮುಳ್ಳು ಅಲಗವಲ್ದು."

ಎದ್ದು ಹೋಗಿ ಮೊಳೆಯಿಂದ ಕ್ಯಾಲೆಂಡರ್ ತೆಗೆದ. ತಂದು ಹಾಳೆಯ ಪಕ್ಕದಲ್ಲಿ ಹಾಸಿದ. ಹತ್ತು ಗಂಟೆಗೆ ಫೋನು. ಫೋನು ಮುಗಿದ ಮೇಲೆ ಲೋಟ. ಒಂದು ಅಂಕಿ ಹೇಳ್ರಿ ಎಂಬ ಪ್ರಶ್ನೆ ಮಂಚದ ಪಕ್ಕದ ಕಿಟಕಿಯಿಂದ ಬರುತ್ತಿತ್ತು. ಇಷ್ಟನ್ನು ಕೂಡಿಸುವುದಕ್ಕೆ ತನಗೆ ಮೂವತ್ತೆರಡು ದಿನ ಹಿಡಿಯಿತೇ?

"ಕಾವ್ಯಾ, ಓದು ಇಲ್ಲಿ."

"ಫೆಬ್ರವರಿ ಇಪ್ಪತ್ತು, ಎಂಟು," ಕಾವ್ಯಾ ಬೆರಳಿಟ್ಟು ಓದಿದಳು. "ಮುತ್ಯಾ, ಅವತ್ತ ಆಯಿಗೆ ಕೆಮ್ಮು ಹತ್ತಿತ್ತು. ಪಪ್ಪಾ ಮಮ್ಮಿಗೆ ಒದರಿದ್ದ."

"ಮುಂದ."

"ಮಾರ್ಚ್ ಎಂಟು, ಮೂರು. ಆಯಿ ನೀರು ನುಂಗಿದ ದಿನ."

"ಅದರ ಹಿಂದ, ಹತ್ತು ಬರದದ್ದು ಯಾವ ತಾರೀಖಿಗದ?"

ಕಾವ್ಯಾ ಹುಡುಕಿದಳು. "ಮಾರ್ಚ್ ಮೂರು," ಎಂದು ತಾಯಿಯ ಮುಖ ನೋಡಿದಳು.

ಬಸ್ ಸ್ಟ್ಯಾಂಡಿಗೆ ಹೋದದ್ದು ಹನ್ನೊಂದಕ್ಕೆ. ಲೋಟ ಹತ್ತು ಸಲ ಬಡಿದದ್ದು ಅದಕ್ಕಿಂತ ಒಂದು ತಾಸು ಮೊದಲು.

ಶಿವಯೋಗೆಪ್ಪ ಕ್ಯಾಲೆಂಡರ್ ಹಿಡಿದು ಮಂಚದ ಹತ್ತಿರ ಹೋದ. "ಏನ, ಇದು ಸೊಸಿ ಮನಸ್ಸಿನ ಲೆಕ್ಕೇನು?"

ಗುರುಬಸವ್ವ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು. ಒಂದು ಸಲ ಸಾಲದೆಂಬಂತೆ ಮತ್ತೊಂದು ಸಲ ಆಡಿಸಿದಳು.

ವಿಜಯಲಕ್ಷ್ಮೀ ಮಂಚದ ಕಾಲಿನ ಹತ್ತಿರ ಕುಳಿತಳು. "ಅತ್ತಿ, ನೀವು ಬೈತೀರಿ ಅಂತ ತಿಳಕೊಂಡಿದ್ದೆ," ಎಂದಳು. "ಇದ್ದ ಭಾರಕ್ಕ ದಿನಾ ಅದೊಂದು ಸೇರ್ತಿತ್ತು."

ಮಿನಾಜ ಹಾಳೆಯನ್ನೂ ಕ್ಯಾಲೆಂಡರನ್ನೂ ಜೋಡಿಸಿ ನೋಡಿದಳು. "ಅಜ್ಜಾರ, ಇದನ್ನ ಬರಕೊಳ್ಳಾಕ ನನಗ ಬರಂಗಿಲ್ಲ. ಅವರ ಬಾಯಿಲೇ ಬರಬೇಕು. ನಾಳೆ ಹತ್ತಕ್ಕ ಅಂಕಿ ಹೇಳಿದ್ರ ನಾ ಮುಂದಿಂದು ನೋಡ್ಕೋತೀನಿ."

"ಹೇಳಿದ್ಲು ತಿಳಿ," ಎಂದ ಶಿವಯೋಗೆಪ್ಪ.

ಮಿನಾಜ ಹೋದ ಮೇಲೆ ವಿಜಯಲಕ್ಷ್ಮೀ ಹೇಳಿದಳು: "ನಾ ಹೇಳಂಗಿಲ್ರಿ ಮಾವಾರ. ಈ ಮನ್ಯಾಗ ಆರಾಮಿಲ್ಲದವರು ಅತ್ತಿ. ಅವರ ಮೂಗಿನ ನಳಿ ಹಿಡಕೊಂಡ ನಿಂತು, ನನಗೂ ಆರಾಮಿಲ್ಲಾ ಅಂತ ಹ್ಯಾಂಗ ಅನ್ಲಿ? ಪಡಸಾಲ್ಯಾಗ ನೀವು ಕುಂತಿರ್ತೀರಿ."

ಶಿವಯೋಗೆಪ್ಪ ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಹಾಕಿದ. ಕಾಟಾ ಹಿಡಿದುಕೊಂಡರೆ ಎಲ್ಲೋ ಒಂದು ಕಡೆ ಏನೋ ಒತ್ತಿಕೊಂಡಿರುತ್ತದೆ. ಒತ್ತಿದ್ದನ್ನು ತೆಗೆಯದೆ ಮುಳ್ಳು ಅಲುಗುವುದಿಲ್ಲ.

ಸಂಜೆ ಸಿದ್ದರಾಮ ಬಂದಾಗ ಶಿವಯೋಗೆಪ್ಪ ಅಡುಗೆಮನೆಯ ಬಾಗಿಲು ಮುಚ್ಚಲು ಬಿಡಲಿಲ್ಲ. ಹಾಳೆ, ಲೋಟ, ಬಸ್ ಸ್ಟ್ಯಾಂಡು ಎಲ್ಲವನ್ನೂ ತಿಳಿಸಿ, ಸೊಸೆಯನ್ನು ನಾಲ್ಕು ದಿನ ತವರಿಗೆ ಕಳಿಸಬೇಕೆಂದು ಊಟಕ್ಕೆ ಕುಳಿತೇ ಹೇಳಿದ.

"ನಾಕು ದಿನ ಈಕಿ ಬಬಲೇಶ್ವರಕ್ಕ ಹೋದ್ರ ಇಲ್ಲಿ ನೋಡೋರ್ಯಾರು?" ಸಿದ್ದರಾಮನ ಕೈಯಲ್ಲಿ ರೊಟ್ಟಿ ನಿಂತಿತು. "ಆ ನರ್ಸ್ ಹಗಲಿಗಷ್ಟ ಇರ್ತಾಳ. ಮುಂಜಾನಿ ಆರರದು, ಎಂಟರದು?"

"ನಾನು."

"ನೀವಾ? ಚಾ ಕುಡದ ಕಪ್ಪು ಎತ್ತಿಟ್ಟವರಲ್ಲ ನೀವು."

"ಎತ್ತಿಟ್ಟಿಲ್ಲ. ಖರೆ ಅದ," ಎಂದ ಶಿವಯೋಗೆಪ್ಪ. "ನೀನೂ ಎತ್ತಿಟ್ಟಿಲ್ಲ. ನನ್ನ ನೋಡೇ ಕಲ್ತಿ. ಸಂಜೀ ಆರರದು, ಎಂಟರದು ನಿಂದು. ಸೀಜನ್ನಿರ್ಲಿ ಏನಿರ್ಲಿ, ಆರರೊಳಗ ಮನ್ಯಾಗಿರಬೇಕು."

ಸಿದ್ದರಾಮ ಹೆಂಡತಿಯತ್ತ ನೋಡಿದ. ಅವಳು ತಟ್ಟೆ ನೋಡುತ್ತಿದ್ದಳು. "ಅವತ್ತ ಬಸ್ ಹತ್ತಿದ್ರ ತಿರುಗಿ ಬರ್ತಿದ್ದಿಲ್ಲೇನು?" ಎಂದು ಮೆಲ್ಲಗೆ ಕೇಳಿದ.

"ಗೊತ್ತಿಲ್ರಿ. ಅದಕ್ಕ ಹತ್ತಲಿಲ್ಲ."

ಅವನು ರೊಟ್ಟಿ ಕೆಳಗಿಟ್ಟ. ಎದ್ದು, ತನ್ನ ತಟ್ಟೆಯನ್ನು ತಾನೇ ಮೋರಿಗೆ ಒಯ್ದ. ಹೆಂಡತಿ ಬೇಡವೆನ್ನಲು ಎದ್ದವಳು ಮತ್ತೆ ಕುಳಿತಳು.

ಮರುದಿನ ಬೆಳಿಗ್ಗೆ ಆರರ ಗಂಜಿಯನ್ನು ಶಿವಯೋಗೆಪ್ಪ ಸೊಸೆಯ ಎದುರಿಗೆ ಬಿಟ್ಟ. "ಇನ್ನೂ ಸಣ್ಣಗ್ರಿ ಮಾವಾರ. ಮ್ಯಾಲ ಹಿಡೀರಿ. ಮುಗಿಯೋದ್ರಾಗ ನಳಿ ಮಡಚ್ರಿ, ಗಾಳಿ ಹೋಗಬಾರದು." ಎಂಟರದು ಅವಳು ಬಾಯಿ ತೆರೆಯದೆಯೇ ಮುಗಿಯಿತು. ತಕ್ಕಡಿಯ ಮುಳ್ಳಿಗೆ ಕಾದು ಅಭ್ಯಾಸವಾದ ಕೈ, ಅವಸರ ಮಾಡಲಿಲ್ಲ.

ಹತ್ತಕ್ಕೆ ಐದು ನಿಮಿಷವಿರುವಾಗ ಅವನು ಸಿರಿಂಜು ಕೈಗೆತ್ತಿಕೊಂಡ.

"ವಿಜಯವ್ವಾ, ಫೋನ್ ತಗೊಂಡು ಹಿತ್ತಲಕ್ಕ ಹೋಗು. ನಾ ಇಲ್ಲಿ ಇರ್ತೀನಿ. ಕಾವ್ಯಾ, ನೀ ಕಾಲೇಜಿಗೆ ನಡಿ."

"ಮಾವಾರ, ಅತ್ತಿಗೆ..."

"ಅತ್ತಿ ಕೈಯಾಗ ಲೋಟಾ ಅದ. ನೀ ತಪ್ಪಿದ್ರ ಆಕಿ ಹೇಳ್ತಾಳ."

ಅವಳು ಹೋದಳು. ಆದರೆ ರೂಢಿಯಿಂದ ಸ್ಪೀಕರ್ ಹಾಕಿದ್ದಳೋ ಏನೋ, ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಆ ಹುಡುಗಿಯ ದನಿ ಗೋಡೆ ದಾಟಿ ಕೇಳಿಸಿತು. ನಿಮ್ಮ ಮನಸ್ಸು ಎಷ್ಟು ಭಾರ ಅದ? ಶಿವಯೋಗೆಪ್ಪ ಗಂಜಿಯ ಮಟ್ಟದ ಮೇಲೆ ಕಣ್ಣಿಟ್ಟಿದ್ದ. ಲಾಭ, ಎಂದು ಎಣಿಸಿದ. ಹಿತ್ತಲಿನಿಂದ ಉತ್ತರವಿಲ್ಲ. ಯಂತ್ರ ಮತ್ತೆ ಕೇಳಿತು. ಎರಡು. ಉತ್ತರವಿಲ್ಲ. ಗುರುಬಸವ್ವನ ಕೈ ಚಮಚವನ್ನು ಎತ್ತಿ ಲೋಟದ ಮೇಲೆ ಹಿಡಿದಿತ್ತು. ಮೂರನೆಯ ಸಲ ಪ್ರಶ್ನೆ ಬಂತು.

"ಒಂಬತ್ತು," ಎಂದಿತು ಹಿತ್ತಲಿನ ದನಿ. ಆಮೇಲೆ ಯಂತ್ರಕ್ಕೆ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಮ್ಮೆ, ಜೋರಾಗಿ: "ಒಂಬತ್ತರೀ."

"ಧನ್ಯವಾದ್ರಿ," ಎಂದಿತು ಯಂತ್ರ. ನಲವತ್ತೆರಡು ಆರುಗಳಿಗೆ ಹೇಳಿದಷ್ಟೇ ನಯವಾಗಿ.

ಗುರುಬಸವ್ವ ಚಮಚವನ್ನು ಸದ್ದಾಗದಂತೆ ಹಾಸಿಗೆಯ ಮೇಲಿಟ್ಟಳು.

ಹಿತ್ತಲಿನಲ್ಲಿ ನಲ್ಲಿ ತೆರೆದ ಸದ್ದಾಯಿತು. ನೀರು ಬೀಳುತ್ತಲೇ ಇತ್ತು. ನೀರಿನ ಸದ್ದಿನೊಳಗೆ ಅಳುವಿನ ಸದ್ದೂ ಇತ್ತು. ಶಿವಯೋಗೆಪ್ಪ ಕದಲಲಿಲ್ಲ. ಗಂಜಿ ಮುಗಿಯಿತು, ಗಾಳಿ ಹೋಗದಂತೆ ನಳಿಗೆ ಮಡಚಿದ. ಬಹಳ ಹೊತ್ತಿನ ಮೇಲೆ ಗುರುಬಸವ್ವ ಚಮಚ ತೆಗೆದುಕೊಂಡು ಲೋಟಕ್ಕೆ ಒಂದು ಸಲ ಬಡಿದಳು.

ನಲ್ಲಿ ತಟ್ಟನೆ ನಿಂತಿತು. ಹಿತ್ತಲಿನಿಂದ ಓಡಿ ಬರುವ ಹೆಜ್ಜೆಗಳ ಸದ್ದು ಕೇಳಿಸಿತು.

"ನೀ ಅಲ್ಲೇ ಇರವ್ವಾ," ಎಂದು ಶಿವಯೋಗೆಪ್ಪ ಕೂಗಿ ಹೇಳಿದ. "ಒಂದ ಬಡದಾಳ. ನೀರು. ನಾ ಕೊಡ್ತೀನಿ."